ಅಂಕಿಗಿಂತ ಮೊದಲು ಅಲೆ

ಕುಂದಾಪುರ
ಭಾನುವಾರ

ಪುಟ್ಟಿ,

ನಿನ್ನ ಕಾಗದ ಬಂತು. ಊರಿನ ಹೆಸರು ಶ್ರೀ ವಿಜಯ ಪುರಂ ಎಂದು ಬದಲಾಗಿದ್ದರೂ ಲಕೋಟೆಯ ಮೇಲೆ ನೀನು ಪೋರ್ಟ್ ಬ್ಲೇರ್ ಎಂದೇ ಬರೆದಿದ್ದೀಯ. ನನ್ನ ಬಾಯಿಗೂ ಅದೇ ಬರುತ್ತದೆ, ಹಾಗೇ ಇರಲಿ. ನಿನ್ನ ಅಜ್ಜಿ ನೀನು ಕಲಿಸುವ ಶಾಲೆಯ ಸುದ್ದಿ, ಕ್ವಾರ್ಟರ್ಸಿನ ಸುದ್ದಿ ಯಾವುದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಭೂಕಂಪದ ಭಾಗವನ್ನು ಮಾತ್ರ ಮತ್ತೆ ಓದಿಸಿದಳು. ಮಂಚ ಅಲುಗಿದ್ದು ಕೇಳಿ ಅವಳಿಗೆ ಗಾಬರಿ. ನನಗೆ ಖುಷಿ ಕೊಟ್ಟದ್ದು ನೀನು ಕೊನೆಯಲ್ಲಿ ಕೇಳಿದ ಪ್ರಶ್ನೆ: ಫೋನಿನಲ್ಲಿ ಮೊದಲು 5.4 ಎಂದು ಬಂದದ್ದು ಆಮೇಲೆ 5.1 ಆಯಿತಲ್ಲ, ಇವರಿಗೆ ಅಳೆಯಲಿಕ್ಕೆ ಬರುವುದಿಲ್ಲವೇ ಅಂತ.

ಬರುತ್ತದೆ. ಆದರೆ ಅಳೆಯುವುದಕ್ಕೆ ಹೊತ್ತು ಹಿಡಿಯುತ್ತದೆ. ಸಮುದ್ರದ ನಡುವೆ ಇರುವವಳು ನೀನು, ಈ ಹೊತ್ತು ಎಂಬುದರ ಬೆಲೆ ನಿನಗೆ ಸರಿಯಾಗಿ ಗೊತ್ತಿರಬೇಕು ಅಂತ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ಮೊದಲು ಅಜ್ಜಿಯ ಸಮಾಧಾನಕ್ಕೆ ಒಂದು ಮಾತು: 6.5ಕ್ಕಿಂತ ಕೆಳಗಿನ ಭೂಕಂಪ ಬಹುಮಟ್ಟಿಗೆ ಸುನಾಮಿ ಎಬ್ಬಿಸುವುದಿಲ್ಲ. ಊರು ಮುಳುಗಿಸುವಂಥ ಸುನಾಮಿಗಳ ಹಿಂದೆ ಸಾಮಾನ್ಯವಾಗಿ 7.5ರ ಮೇಲಿನ ಕಂಪನವೇ ಇರುತ್ತದೆ. ನಿನ್ನ ಮಂಚ ಅಲುಗಿಸಿದ್ದು ಆ ಜಾತಿಯದಲ್ಲ.

ಕಡಲ ತಳದಲ್ಲಿ ನೆಲ ಬಿರಿದರೆ ಅದನ್ನು ನೋಡಲು ಅಲ್ಲಿ ಯಾರೂ ಇರುವುದಿಲ್ಲ. ದೂರದ ನೆಲದ ಮೇಲಿರುವ ಯಂತ್ರಗಳಿಗೆ ಬರುವ ಅಲುಗಾಟದಿಂದಲೇ ಎಲ್ಲವನ್ನೂ ಊಹಿಸಬೇಕು. ಈ ಅಲುಗಾಟ ಒಂದೇ ಬಗೆಯದಲ್ಲ ಎಂಬುದು ಸ್ಪಷ್ಟವಾದದ್ದು ನಮ್ಮ ದೇಶದ ಭೂಕಂಪದಿಂದ. 1897ರಲ್ಲಿ ಶಿಲ್ಲಾಂಗ್ ಸೀಮೆಯನ್ನು ಅಲ್ಲಾಡಿಸಿದ ಮಹಾಕಂಪನದ ದಾಖಲೆಗಳು ಯುರೋಪಿನ ಯಂತ್ರಗಳಲ್ಲೂ ಮೂಡಿದ್ದವು. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿದ್ದ ರಿಚರ್ಡ್ ಡಿಕ್ಸನ್ ಓಲ್ಡ್‌ಹ್ಯಾಮ್ ಅವನ್ನು ಕೂತು ನೋಡಿ, ಮೊದಲು ಬರುವ ಅಲೆ ಒಂದು, ನಂತರ ಬರುವುದು ಇನ್ನೊಂದು, ನೆಲದ ಮೇಲ್ಮೈಯಲ್ಲೇ ತೆವಳಿ ಬರುವುದು ಮತ್ತೊಂದು ಎಂದು ಬಿಡಿಸಿ ಹೇಳಿದರು. ಮೊದಲನೆಯದಕ್ಕೆ ಪಿ ಅಲೆ ಎಂದೂ ಎರಡನೆಯದಕ್ಕೆ ಎಸ್ ಅಲೆ ಎಂದೂ ಹೆಸರು. ಪಿ ಅಲೆ ಕಲ್ಲನ್ನು ಒತ್ತುತ್ತ ಹಿಗ್ಗಿಸುತ್ತ ಓಡುತ್ತದೆ, ಎಸ್ ಅಲೆ ಅಡ್ಡಡ್ಡ ಒದರುತ್ತ ಹಿಂದಿನಿಂದ ಬರುತ್ತದೆ. ಇವೆರಡರ ನಡುವೆ ಎಷ್ಟು ಅಂತರ ಇದೆ ಎಂಬುದರಿಂದ ದೂರ ಸಿಗುತ್ತದೆ. ಕೆಲವು ನೂರು ಕಿಲೋಮೀಟರಿನೊಳಗಾದರೆ ಪ್ರತಿ ಸೆಕೆಂಡಿನ ಅಂತರಕ್ಕೆ ಸುಮಾರು 8 ಕಿ.ಮೀ. ಎಂದು ಬಾಯಿಲೆಕ್ಕ ಹಾಕಬಹುದು. ಯಂತ್ರವಿಟ್ಟ ಒಂದು ಕೇಂದ್ರ ದೂರ ಹೇಳುತ್ತದೆ, ದಿಕ್ಕು ಹೇಳುವುದಿಲ್ಲ. ಮೂರು ಕೇಂದ್ರಗಳ ಸುತ್ತ ಮೂರು ವೃತ್ತ ಎಳೆದರೆ ಅವು ಕೂಡುವ ಜಾಗವೇ ಕೇಂದ್ರಬಿಂದು. ಈಗ ಕಂಪ್ಯೂಟರು ನೂರಾರು ಕೇಂದ್ರಗಳಿಂದ ಇದನ್ನೇ ಮಾಡುತ್ತದೆ.

ಇಂಥ ಒಂದು ಕಿವಿ ನಮ್ಮ ಕರ್ನಾಟಕದಲ್ಲೂ ಇದೆ. ಗೌರಿಬಿದನೂರಿನ ಬಯಲಿನಲ್ಲಿ 1960ರ ದಶಕದಲ್ಲೇ ಭಾಭಾ ಅಣು ಸಂಶೋಧನಾ ಕೇಂದ್ರದವರು ಕಂಪನಮಾಪಕಗಳ ಒಂದು ಸಾಲನ್ನೇ ಹೂಡಿದರು. ಬೇರೆ ದೇಶದವರು ನೆಲದಡಿಯಲ್ಲಿ ಅಣುಬಾಂಬು ಸಿಡಿಸಿದರೆ ಗೊತ್ತಾಗಲಿ ಎಂಬುದು ಅದರ ಉದ್ದೇಶ. ಬಾಂಬಿಗೂ ಭೂಕಂಪಕ್ಕೂ ಆ ಯಂತ್ರ ಒಂದೇ ಥರ ಕಿವಿಗೊಡುತ್ತದೆ.

ಈಗ ಅಂಕಿಯ ವಿಷಯ. ನಮ್ಮ ಪತ್ರಿಕೆಗಳು ಇವತ್ತಿಗೂ ‘ರಿಕ್ಟರ್ ಮಾಪಕದಲ್ಲಿ’ ಎಂದೇ ಬರೆಯುತ್ತವೆ. ದೊಡ್ಡ ಭೂಕಂಪಗಳಿಗೆ ಆ ಮಾಪಕವನ್ನು ಬಿಟ್ಟು ದಶಕಗಳೇ ಆದವು. ಚಾರ್ಲ್ಸ್ ರಿಕ್ಟರ್ 1935ರಲ್ಲಿ ಅದನ್ನು ಮಾಡಿದ್ದು ದಕ್ಷಿಣ ಕ್ಯಾಲಿಫೋರ್ನಿಯಾದ ಕಂಪನಗಳಿಗಾಗಿ, ಅಲ್ಲಿದ್ದ ಒಂದು ಬಗೆಯ ಯಂತ್ರಕ್ಕೆ ಒಪ್ಪುವಂತೆ. ಕಾಗದದ ಮೇಲಿನ ಗೆರೆ ಎಷ್ಟು ಎತ್ತರ ಎದ್ದಿತು ಎಂಬುದೇ ಅದರ ಆಧಾರ. ಅಂಕಿ ಒಂದು ಏರಿದರೆ ಗೆರೆಯ ಎತ್ತರ ಹತ್ತು ಪಟ್ಟು, ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು. ಸಣ್ಣ, ಮಧ್ಯಮ ಭೂಕಂಪಗಳಿಗೆ ಇದು ಚೆನ್ನಾಗಿಯೇ ಹೊಂದುತ್ತದೆ. 7ರ ಆಚೆ ಹೋದರೆ ಮಾತ್ರ ಗೆರೆ ಮೇಲೇಳುವುದೇ ನಿಲ್ಲುತ್ತದೆ. ಭೂಕಂಪ ಎಷ್ಟೇ ಹಿರಿದಾಗಲಿ ಅಂಕಿ ಅಲ್ಲಲ್ಲೇ ಸುತ್ತುತ್ತದೆ.

ಯಾಕೆಂದರೆ ಮಹಾಕಂಪನದ ಬಲವೆಲ್ಲ ಇರುವುದು ನಿಧಾನವಾದ, ನೂರಾರು ಸೆಕೆಂಡು ಉದ್ದದ ಏರಿಳಿತದಲ್ಲಿ. ಹಳೆಯ ಯಂತ್ರಕ್ಕೆ ಕೇಳಿಸುವುದು ಚುರುಕಾದ ನಡುಕ ಮಾತ್ರ. ನಮ್ಮ ಕಡೆಯ ಯಕ್ಷಗಾನದ ಆಟ ನೋಡಿದವಳು ನೀನು. ಚೆಂಡೆಯ ಪೆಟ್ಟನ್ನಷ್ಟೇ ಹಿಡಿಯಬಲ್ಲ ಕಿವಿಯೊಂದಿದ್ದರೆ ಅದಕ್ಕೆ ಭಾಗವತರ ಹಿಂದೆ ರಾತ್ರಿಯಿಡೀ ನಿಂತ ಶ್ರುತಿ ಇದೆಯೆಂದೇ ತಿಳಿಯದು. ಹಾಗೆ.

ಇದನ್ನು ಸರಿಪಡಿಸಿದವರು ಇಬ್ಬರು ಜಪಾನೀಯರು. ಕೆಯಿಟಿ ಅಕಿ 1966ರಲ್ಲಿ, ಗೆರೆಯ ಎತ್ತರ ಬಿಟ್ಟು ನೆಲ ನಿಜಕ್ಕೂ ಮಾಡಿದ್ದೇನು ಎಂದು ಕೇಳುವ ದಾರಿ ತೋರಿಸಿದರು. ಎಷ್ಟು ವಿಸ್ತಾರದ ಬಂಡೆ ಬಿರಿಯಿತು, ಎಷ್ಟು ಮೀಟರ್ ಜಾರಿತು, ಆ ಬಂಡೆ ಎಷ್ಟು ಗಡುಸು: ಈ ಮೂರನ್ನು ಗುಣಿಸು ಎಂದರು. ಹಿರೂ ಕನಮೋರಿ 1970ರ ದಶಕದ ಕೊನೆಗೆ, ಅಮೆರಿಕದ ಥಾಮಸ್ ಹ್ಯಾಂಕ್ಸ್ ಜೊತೆ ಸೇರಿ, ಆ ಗುಣಲಬ್ಧವನ್ನು ಜನಕ್ಕೆ ರೂಢಿಯಾಗಿದ್ದ ರಿಕ್ಟರ್ ಅಂಕಿಗಳಂತೆಯೇ ಕಾಣುವ ಹೊಸ ಅಂಕಿಯಾಗಿ ಬದಲಿಸಿದರು. ಇದಕ್ಕೆ ಮಿತಿಯಿಲ್ಲ. 1960ರ ಚಿಲಿಯ ಭೂಕಂಪ 9.5 ಎಂದು ಹೇಳುತ್ತೇವಲ್ಲ, ಅದು ಈ ಲೆಕ್ಕದಿಂದ.

ಹೊಸ ಅಂಕಿಗೆ ಇರುವ ತೊಡಕು ಒಂದೇ, ಅದು ನಿಧಾನವಾಗಿ ಸಿಗುತ್ತದೆ. ಉದ್ದದ ಅಲೆ ಬಂದು ಮುಗಿಯುವವರೆಗೆ ಕಾಯಬೇಕು. ನೀನು ಕಂಡ 5.4 ಎಂಬುದು ಕೈಗೆ ಬಂದ ಮೊದಲ ಕೆಲವು ಕೇಂದ್ರಗಳ ತೀರ್ಪು, 5.1 ಎಂಬುದು ಉಳಿದವರೂ ಮಾತಾಡಿದ ಮೇಲಿನದು. ಸಣ್ಣ ಭೂಕಂಪದಲ್ಲಿ ಈ ವ್ಯತ್ಯಾಸಕ್ಕೆ ಬೆಲೆಯಿಲ್ಲ. ದೊಡ್ಡದರಲ್ಲಿ ಇದೆ, ಮತ್ತು ಅದನ್ನು ಕಹಿಯಾಗಿ ಕಂಡದ್ದು ನೀನೀಗ ಇರುವ ದ್ವೀಪಗಳೇ.

26 ಡಿಸೆಂಬರ್ 2004. ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 6 ಗಂಟೆ 28 ನಿಮಿಷ. ಸುಮಾತ್ರಾದ ವಾಯವ್ಯಕ್ಕೆ, ಸಿಮೆಲೂ ಎಂಬ ದ್ವೀಪದ ಹತ್ತಿರ, ಕಡಲ ತಳದಿಂದ ಸುಮಾರು 30 ಕಿ.ಮೀ. ಆಳದಲ್ಲಿ ಬಂಡೆ ಬಿರಿಯತೊಡಗಿತು. ‘ತೊಡಗಿತು’ ಎಂದೇ ಬರೆಯಬೇಕು. ನಾವೆಲ್ಲ ಭೂಪಟದಲ್ಲಿ ಚುಕ್ಕಿಯಿಟ್ಟು ಭೂಕಂಪ ಇಲ್ಲಾಯಿತು ಎನ್ನುತ್ತೇವೆ. ಆ ಚುಕ್ಕಿ ಬಿರುಕಿನ ಆರಂಭ ಅಷ್ಟೆ. ಅಲ್ಲಿಂದ ಬಿರುಕು ಉತ್ತರಕ್ಕೆ ಸೆಕೆಂಡಿಗೆ ಎರಡು-ಮೂರು ಕಿ.ಮೀ. ವೇಗದಲ್ಲಿ ಓಡಿತು; ನಿಕೋಬಾರ್ ದಾಟಿತು, ಅಂಡಮಾನಿನ ಕೆಳಗೂ ಹೋಯಿತು. ನಿಲ್ಲಲು ಎಂಟು-ಹತ್ತು ನಿಮಿಷ ಹಿಡಿಯಿತು. ಒಟ್ಟು ಉದ್ದ 1,200ರಿಂದ 1,300 ಕಿ.ಮೀ., ಕನ್ಯಾಕುಮಾರಿಯಿಂದ ಮುಂಬೈಗೆ ನೇರ ಗೆರೆ ಎಳೆದಷ್ಟು. ಮೊದಲ ನಿಮಿಷದ ಅಲೆಗಳನ್ನು ನೋಡಿ ಇದರ ಗಾತ್ರ ಹೇಳುವುದು ಯಾರಿಂದ ಸಾಧ್ಯ? ಭೂಕಂಪವೇ ಇನ್ನೂ ಮುಗಿದಿರಲಿಲ್ಲ.

ಹವಾಯಿಯ ಪೆಸಿಫಿಕ್ ಸುನಾಮಿ ಎಚ್ಚರಿಕೆ ಕೇಂದ್ರದವರು ಕಾಲು ಗಂಟೆಯಲ್ಲಿ 8.0 ಎಂದರು. ಗಂಟೆ ಕಳೆದ ಮೇಲೆ 8.5 ಎಂದರು. ಹಾರ್ವರ್ಡ್‌ನ ಲೆಕ್ಕ ಹಲವು ಗಂಟೆ ಬಿಟ್ಟು ಬಂದು 9ರ ಆಸುಪಾಸಿಗೆ ಒಯ್ದಿತು. ಈಗ ಅಮೆರಿಕದ ಭೂವೈಜ್ಞಾನಿಕ ಸರ್ವೇಕ್ಷಣೆ ಹೇಳುವುದು 9.1, 9.3 ಎನ್ನುವವರೂ ಇದ್ದಾರೆ. 8.0ಕ್ಕೂ 9.1ಕ್ಕೂ ಶಕ್ತಿಯ ಅಂತರ ಸುಮಾರು 45 ಪಟ್ಟು. ಆ ಹೊತ್ತಿಗೆ ಸುಮಾತ್ರಾದ ‘ಆಚೆ’ ಎಂಬ ಪ್ರಾಂತ್ಯದ ಕರಾವಳಿ ಇರಲೇ ಇಲ್ಲ, ಕಾರ್ ನಿಕೋಬಾರಿನ ವಾಯುನೆಲೆಗೆ ನೀರು ನುಗ್ಗಿತ್ತು.

ನನ್ನನ್ನು ಇಂದಿಗೂ ಕಾಡುವ ಲೆಕ್ಕ ಬೇರೆ. ಅಂದು ನೆಲದ ಪಿ ಅಲೆ ಗೌರಿಬಿದನೂರಿನ ನೆಲವನ್ನು ಮುಟ್ಟಲು ಐದು ನಿಮಿಷವೂ ಬೇಡ. ನೀರಿನ ಅಲೆ ಚೆನ್ನೈ ದಂಡೆಗೆ ಬಂದದ್ದು ಸುಮಾರು ಎರಡೂವರೆ ಗಂಟೆಯ ಮೇಲೆ, ಒಂಬತ್ತರ ಸುಮಾರಿಗೆ. ಭಾನುವಾರದ ಬೆಳಿಗ್ಗೆ ಮರೀನಾದಲ್ಲಿ ಹುಡುಗರು ಕ್ರಿಕೆಟ್ ಆಡುವ ಹೊತ್ತು. ನಾಗಪಟ್ಟಣಂ ಜಿಲ್ಲೆಯೊಂದರಲ್ಲೇ ಆರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಇಡೀ ಹಿಂದೂ ಮಹಾಸಾಗರದ ಸುತ್ತ ಎರಡು ಲಕ್ಷಕ್ಕಿಂತ ಹೆಚ್ಚು. ಎರಡೂವರೆ ಗಂಟೆ ಇತ್ತು, ಪುಟ್ಟಿ. ಯಂತ್ರಗಳು ಬರೆದಿದ್ದವು. ಕಂಪನ ಕಂಡ ಕೂಡಲೇ ಕರಾವಳಿಗೆ ಹೇಳುವುದೇ ಕೆಲಸವಾಗಿದ್ದ ಒಂದು ಕಚೇರಿ ಈ ಸಾಗರಕ್ಕೆ ಇರಲಿಲ್ಲ.

ಇನ್ನು ನೆಲ ಅಲುಗಿದರೆ ನೀರು ಯಾಕೆ ಏಳಬೇಕು? ನಡುಗಿದ್ದಕ್ಕೆ ಏಳುವುದಲ್ಲ, ಎತ್ತಿದ್ದಕ್ಕೆ ಏಳುವುದು. ನಿನ್ನ ದ್ವೀಪಗಳ ಪಶ್ಚಿಮಕ್ಕೆ ಕಡಲ ತಳದಲ್ಲಿ ಒಂದು ಕಂದಕ ಸಾಗುತ್ತದೆ. ಭಾರತದ ಭೂಫಲಕ ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಅಲ್ಲಿ ನಿಮ್ಮ ಕೆಳಗೆ ನುಗ್ಗುತ್ತಿದೆ. ಸಲೀಸಾಗಿ ನುಗ್ಗುವುದಿಲ್ಲ, ಎರಡೂ ಕಚ್ಚಿಕೊಂಡಿರುತ್ತವೆ. ಕೆಳಗಿನದು ಮೇಲಿನದರ ಅಂಚನ್ನೂ ತನ್ನೊಡನೆ ಕೆಳಕ್ಕೆ ಎಳೆಯುತ್ತ ಬರುತ್ತದೆ. ನೂರಾರು ವರ್ಷ ಹೀಗೆ ಬಾಗಿದ ಅಂಚು ಕಚ್ಚು ಬಿಟ್ಟಾಗ ಮೇಲಕ್ಕೆ ಸಿಡಿಯುತ್ತದೆ. 2004ರಲ್ಲಿ ಬಂಡೆ ಕೆಲವೆಡೆ 15 ಮೀಟರಿಗೂ ಹೆಚ್ಚು ಜಾರಿತು, ಕಡಲ ತಳ ಕೆಲವು ಮೀಟರ್ ಎದ್ದಿತು. ಅದರ ಮೇಲಿದ್ದ ನೀರು ಹಾಗೇ ಎದ್ದಿತು, ಸುಮಾರು 30 ಘನ ಕಿಲೋಮೀಟರ್ ನೀರು ಎಂದು ಅಂದಾಜು. ಎದ್ದ ನೀರು ಕೆಳಗಿಳಿಯಬೇಕಲ್ಲ, ಇಳಿಯುತ್ತ ಎರಡೂ ಕಡೆಗೆ ಹರಡಿತು. ಅದೇ ಸುನಾಮಿ.

ಅಂಚು ಎದ್ದರೆ ಅದರ ಹಿಂದಿನ ನೆಲ ತಗ್ಗುತ್ತದೆ. ಇದನ್ನು ನೀನು ಪುಸ್ತಕದಲ್ಲಿ ಓದಬೇಕಾಗಿಲ್ಲ, ರಜೆಯಲ್ಲಿ ಹೋಗಿ ನೋಡಬಹುದು. ಉತ್ತರ ಅಂಡಮಾನಿನ ಪಶ್ಚಿಮ ದಂಡೆಯಲ್ಲಿ ನೆಲ ಮೀಟರಿನಷ್ಟು ಮೇಲೆದ್ದು ಹವಳದ ದಿಬ್ಬಗಳು ನೀರಿನಿಂದ ಹೊರಬಂದು ಸತ್ತವು. ನಿನ್ನ ಪೋರ್ಟ್ ಬ್ಲೇರ್ ಸುಮಾರು ಒಂದು ಮೀಟರ್ ಕುಸಿಯಿತು. ಊರಿನ ಹತ್ತಿರದ ಸಿಪ್ಪಿಘಾಟಿನಲ್ಲಿ ಗದ್ದೆಗಳಿದ್ದ ಜಾಗಕ್ಕೆ ಬಂದ ಉಪ್ಪುನೀರು ಹಿಂದೆ ಹೋಗಲೇ ಇಲ್ಲ. ದೇಶದ ದಕ್ಷಿಣದ ತುದಿಯಾದ ಇಂದಿರಾ ಪಾಯಿಂಟ್ ನಾಲ್ಕು ಮೀಟರಿಗೂ ಹೆಚ್ಚು ಇಳಿದು, ದೀಪಸ್ತಂಭದ ಬುಡ ನೀರಿಗೆ ಸಿಕ್ಕಿತು. ಭಾರತದ ಭೂಪಟವನ್ನು ಒಂದು ಬೆಳಿಗ್ಗೆ ತಿದ್ದಿದ ಭೂಕಂಪ ಅದು.

ಆದ್ದರಿಂದಲೇ ಅಂಕಿಯೊಂದನ್ನೇ ನೋಡಿದರೆ ಮೋಸ ಹೋಗುತ್ತೇವೆ. 11 ಏಪ್ರಿಲ್ 2012ರಂದು ಅದೇ ಸುಮಾತ್ರಾದ ಆಚೆ 8.6ರ ಕಂಪನವಾಯಿತು. ಬೆಂಗಳೂರಿನಲ್ಲೂ ಜನ ಕಟ್ಟಡಗಳಿಂದ ಹೊರಗೆ ಓಡಿದರು. ಅಷ್ಟು ದೊಡ್ಡ ಭೂಕಂಪಕ್ಕೆ ಎದ್ದ ಸುನಾಮಿ ಅಲೆ ತೀರಾ ಸಣ್ಣದು, ಏಕೆಂದರೆ ಅಲ್ಲಿ ಬಂಡೆಗಳು ಒಂದರ ಪಕ್ಕ ಒಂದು ಅಡ್ಡಕ್ಕೆ ಜಾರಿದವು, ನೀರನ್ನು ಎತ್ತಲಿಲ್ಲ. ಇದಕ್ಕೆ ತಿರುವುಮುರುವಾದದ್ದು 1896ರಲ್ಲಿ ಜಪಾನಿನ ಸಾನ್ರಿಕು ಕರಾವಳಿಯಲ್ಲಿ ನಡೆಯಿತು. ನೆಲ ಅಲುಗಿದ್ದು ಮೆಲ್ಲಗೆ. ಹಬ್ಬದ ಸಂಜೆ, ಯಾರೂ ತಲೆಕೆಡಿಸಿಕೊಳ್ಳಲಿಲ್ಲ. ಅರ್ಧ ಗಂಟೆಯ ಮೇಲೆ ಬಂದ ನೀರು ಕೆಲವು ಕೊಲ್ಲಿಗಳಲ್ಲಿ 38 ಮೀಟರ್ ಎತ್ತರಕ್ಕೇರಿ ಸುಮಾರು 22,000 ಜನರನ್ನು ಕೊಂಡೊಯ್ದಿತು. ಬಿರುಕು ನಿಧಾನವಾಗಿ ಜಾರಿದರೆ ಮನೆ ಅಲುಗುವುದು ಕಡಿಮೆ, ಕಡಲು ಏಳುವುದು ಜಾಸ್ತಿ.

ಎದ್ದ ಅಲೆಯ ವೇಗಕ್ಕೆ ಒಂದು ಸುಲಭದ ಲೆಕ್ಕವಿದೆ, ನಿನ್ನ ಹತ್ತನೆಯ ತರಗತಿಯ ಮಕ್ಕಳಿಗೆ ಕೊಡು. ಕಡಲ ಆಳವನ್ನು ಮೀಟರಿನಲ್ಲಿ ತೆಗೆದುಕೊಂಡು 9.8ರಿಂದ ಗುಣಿಸಿ ವರ್ಗಮೂಲ ಕಂಡುಹಿಡಿ. 4,000 ಮೀಟರ್ ಆಳಕ್ಕೆ ಸೆಕೆಂಡಿಗೆ 198 ಮೀಟರ್ ಬರುತ್ತದೆ, ಅಂದರೆ ಗಂಟೆಗೆ 700 ಕಿ.ಮೀ.ಗೂ ಹೆಚ್ಚು, ನೀನು ಚೆನ್ನೈಯಿಂದ ಹೋದ ವಿಮಾನದ ವೇಗಕ್ಕೆ ಹತ್ತಿರ. ಹತ್ತು ಮೀಟರ್ ಆಳಕ್ಕೆ ಅದೇ ಲೆಕ್ಕ ಹಾಕಿದರೆ ಗಂಟೆಗೆ 36 ಕಿ.ಮೀ. ಅಲೆಯ ಮುಂಭಾಗ ದಂಡೆಯ ಹತ್ತಿರ ಬಂದು ನಿಧಾನವಾದಾಗ ಹಿಂಭಾಗ ಇನ್ನೂ ಆಳದಲ್ಲಿ ಓಡುತ್ತಿರುತ್ತದೆ. ಹಿಂದಿನದು ಮುಂದಿನದರ ಮೇಲೆ ಒತ್ತಿಕೊಂಡು ಬರುವುದರಿಂದ ಅಲೆ ಎತ್ತರವಾಗುತ್ತದೆ. ನಡುಗಡಲಿನಲ್ಲಿ ಅದರ ಎತ್ತರ ಏನೇನೂ ಇಲ್ಲ. 2004ರಲ್ಲಿ ಭೂಕಂಪವಾದ ಎರಡು ಗಂಟೆಯ ಮೇಲೆ ಜೇಸನ್-1 ಎಂಬ ಉಪಗ್ರಹ ಬಂಗಾಳ ಕೊಲ್ಲಿಯ ಮೇಲೆ ಹಾದುಹೋಯಿತು. ಅದಕ್ಕೆ ಕಂಡದ್ದು ಸುಮಾರು 60 ಸೆಂಟಿಮೀಟರಿನ ಉಬ್ಬು. ಒಂದು ತುದಿಯಿಂದ ಇನ್ನೊಂದು ತುದಿಗೆ ನೂರಾರು ಕಿ.ಮೀ. ಚಾಚಿದ ಉಬ್ಬು ಅದು, ಮೇಲೆ ಹಡಗಿದ್ದರೂ ಅದರಲ್ಲಿರುವವರಿಗೆ ತಿಳಿಯುವುದಿಲ್ಲ.

ಇನ್ನೊಂದು ಮಾತು, ಇದನ್ನು ನಮ್ಮ ಕಡೆ ಅರ್ಧ ಮಾತ್ರ ಹೇಳುತ್ತಾರೆ. ಸುನಾಮಿ ಬರುವ ಮೊದಲು ಕಡಲು ಹಿಂದೆ ಸರಿಯುತ್ತದೆ, ಅದೇ ಗುರುತು ಎನ್ನುತ್ತಾರೆ. ಥಾಯ್ಲೆಂಡಿನಲ್ಲಿ ಹಾಗಾಯಿತು, ಕಡಲ ತಳ ತಗ್ಗಿದ್ದು ಆ ಮಗ್ಗುಲಿನಲ್ಲಿ. ಎದ್ದ ಮಗ್ಗುಲು ಭಾರತದ ಕಡೆಗಿತ್ತು; ಚೆನ್ನೈಯ ಮಾಪಕದಲ್ಲಿ ನೀರು ಮೊದಲು ಏರಿತು, ಹಿಂದೆ ಸರಿದದ್ದು ಆಮೇಲೆ. ಕಡಲು ಸರಿಯಲಿ, ನೋಡೋಣ ಎಂದು ಕಾದು ನಿಂತವರಿಗೆ ಆ ಗುರುತು ಸಿಗದೇ ಹೋಗಬಹುದು.

2004ರ ಪಾಠ ಕಲಿತು ದೇಶ ಮಾಡಿದ ಕೆಲಸ ಮೆಚ್ಚಬೇಕಾದದ್ದು. ಹೈದರಾಬಾದಿನ ‘ಇಂಕಾಯ್ಸ್’, ಅಂದರೆ ಭಾರತೀಯ ರಾಷ್ಟ್ರೀಯ ಸಾಗರ ಮಾಹಿತಿ ಸೇವಾ ಕೇಂದ್ರದಲ್ಲಿ 2007ರ ಅಕ್ಟೋಬರಿನಿಂದ ಸುನಾಮಿ ಎಚ್ಚರಿಕೆ ಕೇಂದ್ರ ಹಗಲೂ ರಾತ್ರಿ ನಡೆಯುತ್ತಿದೆ. ಕಡಲ ತಳದಲ್ಲಿ ಒತ್ತಡಮಾಪಕಗಳನ್ನು ಇಟ್ಟಿದ್ದಾರೆ. ಸಾಮಾನ್ಯ ಅಲೆ ಮೇಲುಮೇಲಿನದು, ಅದರ ಭಾರ ತಳಕ್ಕೆ ತಿಳಿಯುವುದಿಲ್ಲ. ಸುನಾಮಿಯಲ್ಲಿ ಮೇಲಿಂದ ತಳದವರೆಗಿನ ನೀರೆಲ್ಲ ಚಲಿಸುವುದರಿಂದ, ಕಿಲೋಮೀಟರುಗಟ್ಟಲೆ ನೀರಿನ ಕೆಳಗಿದ್ದೂ ಸೆಂಟಿಮೀಟರಿನ ಏರಿಕೆ ಆ ಯಂತ್ರಕ್ಕೆ ಗೊತ್ತಾಗುತ್ತದೆ. ತಳದಿಂದ ಮೇಲಿನ ತೇಲುಬೋಯೆಗೆ ಶಬ್ದದ ಮೂಲಕ, ಅಲ್ಲಿಂದ ಉಪಗ್ರಹದ ಮೂಲಕ ಹೈದರಾಬಾದಿಗೆ ಸುದ್ದಿ. ನಿನ್ನ ದ್ವೀಪಗಳಲ್ಲಿ ಜಿಪಿಎಸ್ ಕೇಂದ್ರಗಳೂ ಇವೆ. ನೆಲವೇ ಎಷ್ಟು ಸರಿಯಿತು ಎಂದು ಅವು ನೇರ ಹೇಳುವುದರಿಂದ, ಗೆರೆ ಏಳದೇ ನಿಲ್ಲುವ ಹಳೆಯ ತೊಂದರೆ ಅವಕ್ಕಿಲ್ಲ.

ಇಷ್ಟಿದ್ದೂ ಹತ್ತಿರದ ದಂಡೆಗೆ ಯಂತ್ರ ಸಾಲದು. ಜಗತ್ತಿನಲ್ಲೇ ಎಲ್ಲರಿಗಿಂತ ಸಜ್ಜಾಗಿದ್ದ ಜಪಾನನ್ನೇ ನೋಡು. 11 ಮಾರ್ಚ್ 2011ರಂದು ಅಲ್ಲಿನ ಹವಾಮಾನ ಸಂಸ್ಥೆ ಮೂರು ನಿಮಿಷದಲ್ಲಿ ಎಚ್ಚರಿಕೆ ಕೊಟ್ಟಿತು. ಆದರೆ ಆಗ ಸಿಕ್ಕ ಅಂಕಿ 7.9. ಅದರ ಪ್ರಕಾರ ಇವಾಟೆ, ಫುಕುಶಿಮಾ ಕರಾವಳಿಗೆ 3 ಮೀಟರ್ ಅಲೆ ಎಂದರು. 3 ಮೀಟರಾದರೆ ತಡೆಗೋಡೆ ಇದೆಯಲ್ಲ ಎಂದು ಕೆಲವರು ಮನೆಯಲ್ಲೇ ಉಳಿದರು. ಭೂಕಂಪ ನಿಜಕ್ಕೂ 9ರದ್ದು. ಎಚ್ಚರಿಕೆಯನ್ನು ತಿದ್ದುವ ಹೊತ್ತಿಗೆ ಹಲವೆಡೆ ಕರೆಂಟು ಹೋಗಿತ್ತು. ಅಂಕಿ ಹೇಳದೆ ‘ಓಡಿ’ ಎಂದಷ್ಟೇ ಹೇಳಿದ್ದರೆ ಇನ್ನಷ್ಟು ಜನ ಉಳಿಯುತ್ತಿದ್ದರು ಎಂದು ನನಗನ್ನಿಸುತ್ತದೆ. ಜಪಾನಿನವರಿಗೂ ಹಾಗೇ ಅನ್ನಿಸಿರಬೇಕು: ಮಹಾಕಂಪನವಾದರೆ ಮೊದಲ ಎಚ್ಚರಿಕೆಯಲ್ಲಿ ಮೀಟರಿನ ಬದಲು ‘ಭಾರೀ’ ಎಂದಷ್ಟೇ ಹೇಳುವಂತೆ ಆಮೇಲೆ ಪದ್ಧತಿಯನ್ನೇ ಬದಲಿಸಿದರು.

ಇನ್ನೊಂದು ಕಡೆ ಸಿಮೆಲೂ ದ್ವೀಪ. 2004ರ ಬಿರುಕು ಶುರುವಾದದ್ದೇ ಅದರ ಬುಡದಲ್ಲಿ. ಸೈರನ್ ಇಲ್ಲ, ಬೋಯೆ ಇಲ್ಲ, ನೀರು ಬರಲು ಹತ್ತು ನಿಮಿಷದಷ್ಟೂ ವ್ಯವಧಾನವಿಲ್ಲ. ಎಪ್ಪತ್ತು ಸಾವಿರಕ್ಕಿಂತ ಹೆಚ್ಚು ಜನರಿದ್ದ ದ್ವೀಪದಲ್ಲಿ ಸತ್ತವರು ಏಳು ಮಂದಿ. 1907ರಲ್ಲಿ ಅವರ ಮುತ್ತಜ್ಜಂದಿರ ಕಾಲದಲ್ಲಿ ಹೀಗೇ ಆಗಿ ತುಂಬಾ ಜನ ಸತ್ತಿದ್ದರು. ಅಂದಿನಿಂದ ಅಜ್ಜಿಯರು ಮಕ್ಕಳನ್ನು ಮಲಗಿಸುವಾಗ ಆ ಕಥೆ ಹೇಳುತ್ತ ಬಂದರು: ನೆಲ ಜೋರಾಗಿ ಅಲುಗಿದರೆ ಗುಡ್ಡಕ್ಕೆ ಹೋಗು, ಯಾರನ್ನೂ ಕೇಳಬೇಡ. ನಿನ್ನ ದ್ವೀಪಗಳ ಜಾರವಾ, ಓಂಗೆ ಜನರೂ 2004ರಲ್ಲಿ ದಂಡೆ ಬಿಟ್ಟು ಎತ್ತರಕ್ಕೆ ಹೋಗಿ ಉಳಿದರು.

ನಮ್ಮ ಪಶ್ಚಿಮದ ಕಡಲು ಸಾಧು ಎಂದು ನಾವಿಲ್ಲಿ ನೆಮ್ಮದಿಯಾಗಿದ್ದೇವೆ. ಪೂರ್ತಿ ನಿಜವಲ್ಲ. 28 ನವೆಂಬರ್ 1945ರಂದು ಬಲೂಚಿಸ್ತಾನದ ಮಕ್ರಾನ್ ಕರಾವಳಿಯಲ್ಲಿ 8.1ರ ಕಂಪನವಾಗಿ, ಬೆಳಗಾದ ಮೇಲೆ ಮುಂಬೈಯಲ್ಲಿ ಸುಮಾರು 2 ಮೀಟರ್ ನೀರು ಏರಿ ಜನ ಸತ್ತಿದ್ದರು. 2004ರ ಅಲೆಯೂ ಶ್ರೀಲಂಕಾವನ್ನು ಸುತ್ತಿ ಬಳಸಿ ಬಂದು ಕೇರಳದ ಕೊಲ್ಲಂ, ಆಲಪ್ಪುಳದಲ್ಲಿ ಜೀವ ತೆಗೆದಿತ್ತು. ಆದರೆ ನಮಗೆ ಗಂಟೆಗಳ ಸಮಯವಿದೆ. ನಿನಗಿಲ್ಲ. ಅಂದು ನಿಕೋಬಾರಿಗೆ ನಿಮಿಷಗಳಲ್ಲಿ, ಪೋರ್ಟ್ ಬ್ಲೇರಿಗೆ ಗಂಟೆಯೊಳಗೆ ನೀರು ಬಂದಿತ್ತು.

ಹಾಗಾಗಿ ಫೋನಿನ ಅಂಕಿಗೆ ಕಾಯುವ ಅಭ್ಯಾಸ ಬಿಡು. ನಿಲ್ಲಲು ಕಷ್ಟವಾಗುವಷ್ಟು ನೆಲ ಅಲುಗಿದರೆ, ಅಥವಾ ಮೆಲ್ಲಗೇ ಅಲುಗಿದರೂ ಇಪ್ಪತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ನಿಲ್ಲದೇ ಹೋದರೆ, ಅಲುಗಾಟ ನಿಂತ ಕೂಡಲೇ ಎತ್ತರಕ್ಕೆ ನಡೆ. ಮೊದಲ ಅಲೆ ಹೋಯಿತೆಂದು ಕೆಳಗಿಳಿಯಬೇಡ. ಎರಡನೆಯದೋ ಮೂರನೆಯದೋ ಹೆಚ್ಚು ದೊಡ್ಡದಿರಬಹುದು, ನಡುವೆ ಅರ್ಧ ಗಂಟೆ, ಒಂದು ಗಂಟೆ ಬಿಡುವೂ ಇರಬಹುದು. ಅಧಿಕಾರಿಗಳು ಇಳಿಯಿರಿ ಎನ್ನುವವರೆಗೆ ಮೇಲೇ ಇರು. ಶಾಲೆಯ ಮಕ್ಕಳನ್ನು ಒಂದು ಶನಿವಾರ ಹತ್ತಿರದ ಗುಡ್ಡಕ್ಕೆ ನಡೆಸಿಕೊಂಡು ಹೋಗು, ಎಷ್ಟು ನಿಮಿಷ ಹಿಡಿಯುತ್ತದೆ ಅವರೇ ನೋಡಿಕೊಳ್ಳಲಿ.

ಅಜ್ಜಿ ಕೊಬ್ಬರಿ ಮಿಠಾಯಿ ಕಳಿಸುತ್ತಿದ್ದಾಳೆ, ಪಕ್ಕದ ಮನೆಯ ಹುಡುಗ ಬರುವಾಗ ತರುತ್ತಾನೆ. ಮುಂದಿನ ಕಾಗದದಲ್ಲಿ ನಿನ್ನ ಕ್ವಾರ್ಟರ್ಸ್ ಕಡಲಮಟ್ಟದಿಂದ ಎಷ್ಟು ಮೀಟರ್ ಎತ್ತರದಲ್ಲಿದೆ, 30 ಮೀಟರಿಗಿಂತ ಎತ್ತರದ ಜಾಗ ಅಲ್ಲಿಂದ ಎಷ್ಟು ದೂರ ಎಂಬುದನ್ನು ತಪ್ಪದೇ ಬರೆ.

ಇಂತಿ ನಿನ್ನ
ಅಜ್ಜ